ಪಾಷಾ ಕವುಚಿಟ್ಟ ಮೂರು ಎಲೆ

ಕಡೂರಿನ ಓಂಕಾರಮೂರ್ತಿಗಳಿಗೆ ಎರಡು ಬಸ್ಸುಗಳಿದ್ದವು. ಹಳೆಯದನ್ನು ಬೀರೂರು, ತರೀಕೆರೆ ಮೇಲೆ ಲಕ್ಕವಳ್ಳಿಗೆ ಓಡಿಸುತ್ತಿದ್ದವನು ಮುನೀರ್ ಪಾಷಾ. ತರೀಕೆರೆಯವನು, ತೆಳ್ಳಗಿನ ಆಳು, ಮಾತು ಕಡಿಮೆ. ಏರಿನಲ್ಲಿ ಬಸ್ಸು ಎಷ್ಟು ಒರಲಿದರೂ ಅವನ ಮುಖದಲ್ಲಿ ಏನೂ ಕಾಣುತ್ತಿರಲಿಲ್ಲ. ಐವತ್ತನೆಯ ಇಸವಿಯಲ್ಲಿ ಕೆಲಸಕ್ಕೆ ಸೇರಿದಾಗ ಅವನಿಗೆ ಆಗಷ್ಟೇ ಶರೀಫುನ್ನೀಸಾಳ ಜೊತೆ ಮದುವೆಯಾಗಿತ್ತು.

ಬೆಳಗಿನ ಟ್ರಿಪ್ಪು ಮುಗಿದ ಮೇಲೆ ಸಂಜೆಯವರೆಗೆ ಬಸ್ಸು ಯಜಮಾನರ ಮನೆಯೆದುರು ನಿಂತಿರುತ್ತಿತ್ತು. ಆ ಹೊತ್ತಿನಲ್ಲಿ ಜಗಲಿಯ ಮೇಲೆ ಇಸ್ಪೀಟು ನಡೆಯುತ್ತಿತ್ತು. ಆಡುತ್ತಿದ್ದುದು ಮೂರೆಲೆ ಆಟ. ದುಡ್ಡು ಕಟ್ಟಿ ಆಡುವುದಕ್ಕೆ ಯಜಮಾನರ ಹೆಂಡತಿ ಶಂಕರಮ್ಮ ಒಪ್ಪಿರಲಿಲ್ಲ. ಒಂದು ಬುಟ್ಟಿ ಹುಣಸೆ ಬೀಜ ಕೊಟ್ಟಿದ್ದರು, ಪಣಕ್ಕೆ ಅದೇ. ಯಜಮಾನರು, ಬಸ್ ಏಜೆಂಟ್ ರಂಗಯ್ಯ, ಪಾಷಾ ದಿನವೂ ಕೂರುವವರು. ನಾಲ್ಕನೆಯವನಾಗಿ ಯಾರಾದರೂ ಸಿಗುತ್ತಿದ್ದರು.

ಪಾಷಾನಿಗೆ ಆಟ ಕಲಿಸಿದವನು ತರೀಕೆರೆಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ಸೋದರಮಾವ ಗುಲಾಮ್ ಮೊಹಿದ್ದೀನ್. ಆಟಕ್ಕಿಂತ ಹೆಚ್ಚಾಗಿ ಅವನು ಕಲಿಸಿದ್ದು ಆಟದ ಮರ್ಯಾದೆ. ಎಲೆ ಎದೆಗೆ ಹತ್ತಿರ ಹಿಡಿಯಬೇಕು. ಕೈಯಲ್ಲಿರುವುದನ್ನು ಬಾಯಲ್ಲಿ ಹೇಳಬಾರದು. ಆಟ ಬಿಡುವವನು ತನ್ನ ಮೂರೆಲೆಯನ್ನು ಕವುಚಿಡಬೇಕು, ಕವುಚಿಟ್ಟದ್ದನ್ನು ಯಾರೂ ಮಗುಚಿ ನೋಡಬಾರದು. ಉಳಿದವರು ಇನ್ನೂ ಆಡುತ್ತಿರುವಾಗಲಂತೂ ಮುಟ್ಟಲೇಬಾರದು.

ಈ ಕಡೆಯ ನಿಯಮವೇ ಪಾಷಾನ ಹೊಟ್ಟೆಪಾಡಾಯಿತು. ಸೇರಿದ ಒಂದು ತಿಂಗಳಲ್ಲೇ ಅವನಿಗೆ ಒಂದು ವಿಷಯ ತಿಳಿದಿತ್ತು. ಯಜಮಾನರು ಗೆದ್ದ ದಿನ ರಜೆ ಕೇಳಿದರೆ ಕೊಡುತ್ತಿದ್ದರು, ಟೈರು ಸವೆದಿದೆ ಎಂದರೆ ಕೇಳಿಸಿಕೊಳ್ಳುತ್ತಿದ್ದರು. ಸೋತ ದಿನ ಶಂಕರಮ್ಮನಿಂದ ಹಿಡಿದು ಕ್ಲೀನರ್‌ವರೆಗೆ ಎಲ್ಲರ ಮೇಲೂ ಹರಿಹಾಯುತ್ತಿದ್ದರು. ಪಾಷಾ ಒಳ್ಳೆಯ ಎಲೆ ಬಂದಾಗ ಆಟ ಬಿಡುವುದನ್ನು ರೂಢಿ ಮಾಡಿಕೊಂಡ. ಎರಡು ಸುತ್ತು ಬೀಜ ಹಾಕುತ್ತಿದ್ದ, ತಲೆ ಕೆರೆದುಕೊಳ್ಳುತ್ತಿದ್ದ, ಎಲೆ ಕವುಚಿಡುತ್ತಿದ್ದ. ಯಜಮಾನರು ನಗುತ್ತ ಬೀಜ ಬಾಚಿಕೊಳ್ಳುತ್ತಿದ್ದರು.

"ನಿಂಗೆ ಧೈರ್ಯ ಇಲ್ಲ ಕಣೋ ಪಾಷಾ" ಎನ್ನುತ್ತಿದ್ದರು.

"ಇಲ್ಲ ಯಜಮಾನ್ರೇ" ಎನ್ನುತ್ತಿದ್ದ.

ಮನೆಗೆ ಬಂದು ಹೆಂಡತಿಗೆ ಮಾತ್ರ ಅಂದು ಬಿಟ್ಟ ಎಲೆಗಳನ್ನು ಹೇಳುತ್ತಿದ್ದ. ಬೀಜ ಹೋದದ್ದಕ್ಕೆ ಅವನಿಗೆ ದುಃಖವಿರಲಿಲ್ಲ. ಆಟ ಬಲ್ಲವನು ಬಾರದವನಂತೆ ಕೂರುವುದು ಸಂಕಟವಾಗುತ್ತಿತ್ತು. "ಮಕ್ಕಳು ಉಣ್ತಾ ಇದಾವಲ್ಲ, ಇನ್ನೇನು ಬೇಕು" ಎಂದು ಅವಳು ಮಾತು ಮುಗಿಸುತ್ತಿದ್ದಳು.

ಹೀಗೆ ಎಂಟು ವರ್ಷ ನಡೆಯಿತು. ಐವತ್ತೆಂಟರ ಬೇಸಿಗೆಯಲ್ಲಿ ಅಜ್ಜಂಪುರದಿಂದ ಯಜಮಾನರ ಬೀಗರು ದೇವೀರಪ್ಪ ಬಂದಿದ್ದರು. ಹತ್ತಿ ವ್ಯಾಪಾರದ ಮನುಷ್ಯ, ಕೈ ಸುಮ್ಮನಿರದು. ಆ ಮಧ್ಯಾಹ್ನ ನಾಲ್ಕನೆಯವರಾಗಿ ಕೂತರು. ಒಂದು ಆಟದಲ್ಲಿ ಅವರು ಮೊದಲೇ ಆಟ ಬಿಟ್ಟರು, ಪಾಷಾ ಎರಡು ಸುತ್ತಿನ ಮೇಲೆ ಕವುಚಿಟ್ಟ. ಯಜಮಾನರೂ ರಂಗಯ್ಯನೂ ಬೀಜ ಏರಿಸುತ್ತಿದ್ದರು. ಕೆಲಸವಿಲ್ಲದೆ ಕೂತಿದ್ದ ದೇವೀರಪ್ಪ ಪಾಷಾನ ಎಲೆಗಳನ್ನು ಎತ್ತಿ ಮಗುಚಿದರು.

ಮೂರೂ ಒಂಬತ್ತು. ಆ ಆಟದಲ್ಲಿ ಒಂದೇ ಅಂಕಿಯ ಮೂರೆಲೆಗಿಂತ ದೊಡ್ಡದಿಲ್ಲ.

"ಆಟ ಇನ್ನೂ ನಡೀತಾ ಐತೆ ಕಣ್ರೀ, ಅದನ್ನ ಮುಟ್ಬಾರ್ದು" ಎಂದ ರಂಗಯ್ಯ. ಅಷ್ಟರಲ್ಲಿ ಎಲ್ಲರೂ ನೋಡಿಯಾಗಿತ್ತು.

"ಏನಪ್ಪಾ, ಇಂಥಾ ಎಲೆ ಇಟ್ಕೊಂಡು ಬಿಟ್ಬಿಟ್ಯಲ್ಲ" ಎಂದು ದೇವೀರಪ್ಪ ನಕ್ಕರು.

ಪಾಷಾ ಎಲೆಗಳನ್ನು ಮತ್ತೆ ಕವುಚಿದ. "ಸರಿಯಾಗಿ ನೋಡ್ಲಿಲ್ಲ. ಆರು ಅಂದ್ಕೊಂಡೆ."

ಯಜಮಾನರು ಮೆಲ್ಲಗೆ ಕೇಳಿದರು: "ಆರಾದ್ರೂ ಮೂರು ಆರು ಅಲ್ವೇನೋ?"

ಯಜಮಾನರು ತಮ್ಮ ಎಲೆಗಳನ್ನು ತಾವೇ ತೋರಿಸಿ ಕೆಳಗಿಟ್ಟರು. ಎರಡು ಎಂಟು, ಒಂದು ನಾಲ್ಕು. ಅದನ್ನೇ ನಂಬಿಕೊಂಡು ಅವರು ಅಷ್ಟು ಬೀಜ ಏರಿಸಿದ್ದರು.

"ಎಷ್ಟು ದಿನದಿಂದ ನಡೀತೈತೆ ಇದು?"

ಪಾಷಾ ಎಲೆಗಳನ್ನು ಒಟ್ಟುಮಾಡತೊಡಗಿದ.

"ಕಲಸು. ಇವತ್ತು ನಿಜವಾಗಿ ಆಡು. ನಾನೂ ನೀನೂ ಇಬ್ಬರೇ."

ಪಾಷಾ ಕಲಸಿದ. ಸೋತರೆ ಇನ್ನೊಂದು ಸುಳ್ಳು, ಗೆದ್ದರೆ ಅವಮಾನ. ಮೊದಲ ಆಟದಲ್ಲಿ ಏನು ಮಾಡಲೂ ತೋಚದೆ ಎಲೆ ನೋಡದೆಯೇ ಬೀಜ ಹಾಕಿದ. ಆಮೇಲೆ ಕೈ ತನಗೆ ತಾನೇ ಆಡತೊಡಗಿತು. ಏನೂ ಇಲ್ಲದ ಎಲೆ ಹಿಡಿದು ಯಜಮಾನರನ್ನು ಹೆದರಿಸಿ ಬಿಡಿಸಿದ. ಒಳ್ಳೆಯ ಎಲೆ ಬಂದಾಗ ಹಿಂಜರಿದಂತೆ ಕೂತು ಅವರನ್ನು ಎಳೆದ. ಬೀಜವೆಲ್ಲ ಅವನ ಮುಂದೆ ಬಂದು ಬಿತ್ತು. ಆ ಹೊತ್ತಿನಲ್ಲಿ ಅವನಿಗೆ ಸಂತೋಷವಾದದ್ದು ನಿಜ. ಅದು ಮುಖದಲ್ಲಿ ಕಂಡಿತು, ಯಜಮಾನರೂ ಅದನ್ನು ನೋಡಿದರು.

ಮಾರನೆಯ ಬೆಳಿಗ್ಗೆ ಬಸ್ಸಿನ ಬೀಗದ ಕೈ ಬೇರೆಯವನ ಹತ್ತಿರವಿತ್ತು.

"ಬೀಜದಾಟದಲ್ಲಿ ನನ್ನ ಮುಂದೆ ಕೂತು ಎಂಟು ವರ್ಷ ನಟನೆ ಮಾಡ್ದೋನು, ನನ್ನ ಬೆನ್ನ ಹಿಂದೆ ಏನೇನು ಮಾಡಿದೀಯೋ" ಎಂದರು ಯಜಮಾನರು.

"ನಿಮ್ಮ ಸಂತೋಷಕ್ಕೆ ಮಾಡಿದ್ದು ಯಜಮಾನ್ರೇ."

"ನಂಗೆ ಭಿಕ್ಷೆ ಹಾಕಿದ್ಯಾ?"

ಪಾಷಾ ಜಗಲಿ ಇಳಿದು ಹೊರಟ. ಬಸ್ ಸ್ಟ್ಯಾಂಡಿನಲ್ಲಿ ರಂಗಯ್ಯ ಅವನನ್ನು ಪಕ್ಕಕ್ಕೆ ಕರೆದ. "ನಾನೂ ಬಿಡ್ತಿದ್ದೆ ಕಣಯ್ಯಾ. ನನ್ನೆಲೆ ಯಾರೂ ಮಗುಚ್ಲಿಲ್ಲ ಅಷ್ಟೇ."

"ಹಂಗಾದ್ರೆ ಅದನ್ನ ಯಜಮಾನ್ರಿಗೆ ಹೇಳ್ರಿ" ಎಂದ ಪಾಷಾ.

ರಂಗಯ್ಯ ಟಿಕೆಟ್ ಪುಸ್ತಕ ತೆಗೆದುಕೊಂಡು ಬಸ್ಸಿನ ಕಡೆ ನಡೆದ.

ಡ್ರೈವರನನ್ನು ಏಕೆ ಬಿಡಿಸಿದರೆಂದು ಊರು ಕೇಳಿತು. ಹುಣಸೆ ಬೀಜದ ಕಥೆ ಯಾರೂ ನಂಬುವಂಥದ್ದಲ್ಲ. ಕಳ್ಳತನವಿರಬೇಕು ಎಂದುಕೊಂಡರು. ಬೀರೂರಿನಲ್ಲಾಗಲಿ ತರೀಕೆರೆಯಲ್ಲಾಗಲಿ ಬಸ್ಸಿಟ್ಟವರು ಅವನನ್ನು ಸೇರಿಸಲಿಲ್ಲ. ಆರು ತಿಂಗಳು ಮಾವನ ಅಂಗಡಿಯಲ್ಲಿ ಪಂಕ್ಚರ್ ಹಾಕಿದ. ಆಮೇಲೆ ಲಕ್ಕವಳ್ಳಿಯಲ್ಲಿ ಕಲ್ಲು ಸಾಗಿಸುವ ಲಾರಿಯೊಂದು ಸಿಕ್ಕಿತು. ಹೆಂಡತಿ ಮಕ್ಕಳನ್ನು ಅಲ್ಲಿಗೇ ಕರೆದುಕೊಂಡು ಹೋದ. ದೂಳಿನಿಂದ ಹಿರಿಯ ಮಗಳಿಗೆ ಕೆಮ್ಮು ಹಿಡಿದದ್ದು ಬಿಡಲೇ ಇಲ್ಲ. ಶರೀಫುನ್ನೀಸಾ ಒಮ್ಮೆ, "ಆ ದಿನವೂ ಸೋಲಬಾರದಿತ್ತಾ?" ಎಂದಳು. ಆಮೇಲೆ ಗಂಡ ಹೆಂಡತಿ ಆ ಮಾತು ಎತ್ತಲಿಲ್ಲ. ದೇವೀರಪ್ಪ ಮಾತ್ರ ಅಜ್ಜಂಪುರದಲ್ಲಿ ಬಂದವರಿಗೆಲ್ಲ ಮೂರು ಒಂಬತ್ತಿನ ಕಥೆ ಹೇಳಿ ನಗಿಸುತ್ತಿದ್ದರಂತೆ.

ಅರವತ್ತನಾಲ್ಕರಲ್ಲಿ ರಂಗಯ್ಯ ಲಕ್ಕವಳ್ಳಿಗೆ ಬಂದ. ಯಜಮಾನರಿಗೆ ಲಕ್ವ ಹೊಡೆದು ಒಂದು ಕೈ ಬಿದ್ದುಹೋಗಿತ್ತು. ಜಗಲಿಯ ಆಟ ಎಂದೋ ನಿಂತಿತ್ತು. ಯಜಮಾನರು ಗೆದ್ದಾಗಲೆಲ್ಲ ಎದುರಿಗೆ ಕೂತವರ ಎಲೆ ಮಗುಚಿ ನೋಡುತ್ತಿದ್ದರು, ಹಾಗಾಗಿ ಯಾರೂ ಕೂರುತ್ತಿರಲಿಲ್ಲ.

"ಒಂದ್ಸಲ ಬಂದು ಆಡ್ಬೇಕಂತೆ. ನಿನ್ನೇ ಕರ್ಕೊಂಡ್ಬಾ ಅಂದವ್ರೆ" ಎಂದ ರಂಗಯ್ಯ.

ಪಾಷಾ ಲಾರಿಯ ಚಕ್ರದ ನಟ್ಟು ಬಿಗಿಯುತ್ತಿದ್ದವನು ತಲೆಯೆತ್ತಲಿಲ್ಲ. "ನಾನು ಗೆಲ್ಲಬೇಕೋ ಸೋಲಬೇಕೋ, ಕೇಳ್ಕೊಂಡು ಬನ್ನಿ."

ರಂಗಯ್ಯ ಹಾಗೇ ಕಡೂರಿನ ಬಸ್ಸು ಹತ್ತಿದ, ಮತ್ತೆ ಬರಲಿಲ್ಲ. ಯಜಮಾನರು ಆ ಶ್ರಾವಣದಲ್ಲಿ ತೀರಿಕೊಂಡರು. ಕಡೂರಿಗೆ ಒಂದು ಸಲ ಹೋಗಿ ಬನ್ನಿ ಎಂದು ಶರೀಫುನ್ನೀಸಾ ಹೇಳಿದಳು. ಪಾಷಾ ಕೇಳಿಸದವನಂತೆ ಲಾರಿ ಹತ್ತಿ ಕಲ್ಲಿನ ಲೋಡಿಗೆ ಹೋದ.