ಪುಣ್ಯಾಹ ಬಿದ್ದ ಜರ್ಸಿ

ನಮ್ಮ ಭಾವನವರ ಕೈಗಳು ಮೊಣಕೈವರೆಗೂ ಬಿಳಿಚಿಕೊಂಡಿದ್ದವು. ಸರ್ಜನ್ ಆಗಿ ಜೀವಮಾನವಿಡೀ ಉಜ್ಜಿ ಉಜ್ಜಿ ತೊಳೆದ ಕೈಗಳು. ನಿವೃತ್ತಿಯ ನಂತರ ಅಂಥ ಕೈಗಳು ಹಿಡಿದದ್ದು ಏನನ್ನು? ಐಸ್‌ಹಾಕಿ ಆಟಗಾರರು ಪಂದ್ಯದಲ್ಲಿ ತೊಟ್ಟು, ಬೆವರಿ, ಹೊಡೆದಾಡಿ ಬಿಚ್ಚೆಸೆದ ಜರ್ಸಿಗಳನ್ನು. ಅವೂ ಒಗೆಯದವು. ಒಗೆದರೆ ಪಾವಿತ್ರ್ಯ ಕೆಡುತ್ತದಂತೆ.

ಕೆನಡಾದ ವಾನ್ ಎಂಬ ಊರಿನ ಅವರ ಮನೆಯ ಬೇಸ್‌ಮೆಂಟೇ ಈ ಪುಣ್ಯಕ್ಷೇತ್ರ. ಮೆಟ್ಟಿಲು ಇಳಿಯುತ್ತಿದ್ದಂತೆ ಹಳೇ ಸಾಕ್ಸು, ಒದ್ದೆ ನಾಯಿ, ಹುಳಿ ಬಂದ ಹಿಟ್ಟು ಮೂರರ ವಾಸನೆಯೂ ಕೂಡಿ ಸ್ವಾಗತಿಸುತ್ತಿತ್ತು. ಭಾವ ಕಣ್ಣು ಮುಚ್ಚಿ, ತೂಗುಹಾಕಿದ್ದ ಜರ್ಸಿಗಳಲ್ಲಿ ಒಂದರ ಕಂಕುಳನ್ನು ಮೂಸಿ, "ತಗೋ, ಮೂಸಿ ನೋಡಪಾ. ಓವರ್‌ಟೈಮಿನ ಬೆವರು ಇದು!" ಎನ್ನುತ್ತಿದ್ದರು. ನಾನು ಧಾರವಾಡದ ಮರ್ಯಾದಸ್ಥರ ಮನೆಯಲ್ಲಿ ಹುಟ್ಟಿದವನು. ಬಂದ ವಾಂತಿಯನ್ನು ನುಂಗಿ, "ಭಾಳ ಛಲೋ ಅದ" ಎನ್ನುತ್ತಿದ್ದೆ.

ಅವರ ಪಟ್ಟದಾನೆ ಒಂದು ಬಿಳಿ ಜರ್ಸಿ. ಎದೆಯ ಮೇಲೆ ಯಾರದೋ ಮೂಗಿನ ರಕ್ತ ಕಂದು ಬಣ್ಣಕ್ಕೆ ತಿರುಗಿ ಒಣಗಿತ್ತು. ಹತ್ತಿರದ ರೆಕ್ಸ್‌ಡೇಲ್‌ನಲ್ಲಿ ಇಂಥ ಹುಚ್ಚರದೇ ಒಂದು ಪ್ರದರ್ಶನವಿತ್ತು. ಅಲ್ಲಿ ಅದು ತೂಗಬೇಕು, ಕೆಳಗೆ ತಮ್ಮ ಹೆಸರಿರಬೇಕು ಎಂಬುದು ಅವರ ಮುಪ್ಪಿನ ಒಂದೇ ಆಸೆ. ಷರತ್ತು ಇಷ್ಟೆ: ಜರ್ಸಿಯ ಮೇಲಿನ ಪ್ರತಿ ಕಲೆಯೂ ಆ ಪಂದ್ಯದ ಫೋಟೋದಲ್ಲಿ ಕಾಣಬೇಕು.

ಅಷ್ಟರಲ್ಲಿ ಮೊಮ್ಮಗಳು ಹುಟ್ಟಿದಳು, ಮನೆಯಲ್ಲಿ ಪುಣ್ಯಾಹ. ಆಚಾರ್ಯರು ಅರಿಶಿನ ಬೆರೆತ ಕಲಶದ ನೀರನ್ನು ಮಾವಿನೆಲೆಯಿಂದ ಕೋಣೆ ಕೋಣೆಗೂ ಚಿಮುಕಿಸುತ್ತ ಬಂದರು. ನಮ್ಮಕ್ಕ ಬೇಸ್‌ಮೆಂಟಿನ ಬಾಗಿಲು ತೆರೆದು, "ಆಚಾರ್ಯರ, ಇಲ್ಲಿ ಜರಾ ಜಾಸ್ತಿನ ಹಾಕ್ರಿ. ಖರೇ ಮೈಲಿಗಿ ಇಲ್ಲೇ ಅದ" ಎಂದಳು. ಆಚಾರ್ಯರು ಮೂಗಿಗೆ ಶಲ್ಯ ಹಿಡಿದು ಧಾರಾಳವಾಗಿಯೇ ಹಾಕಿದರು. ಭಾವ ಮೇಲೆ ಮಗುವಿನ ಹತ್ತಿರ ಇದ್ದರು.

ಮುಂದಿನ ವಾರ ಪ್ರದರ್ಶನದ ಪರೀಕ್ಷಕ ಬಂದ. ಕಂಕುಳು ಮೂಸಿ ಮೆಚ್ಚಿದ. ರಕ್ತವನ್ನು ಭೂತಗನ್ನಡಿಯಲ್ಲಿ ನೋಡಿ ಇನ್ನೂ ಮೆಚ್ಚಿದ. ಭುಜದ ಮೇಲಿನ ಹಳದಿ ಚುಕ್ಕೆಗಳಿಗೆ ಬಂದು ನಿಂತ. ಇದೇನು?

ಭಾವನವರಿಗೆ ಕ್ಷಣದಲ್ಲಿ ಹೊಳೆಯಿತು. ಮೇಲೆ ಅಕ್ಕ ಚಹಾದ ಕಪ್ಪು ಜೋಡಿಸುವ ಸದ್ದು ಕೇಳುತ್ತಿತ್ತು. "ನನ್ನದೇ ತಪ್ಪು. ಊಟ ಮಾಡುವಾಗ ಚೆಲ್ಲಿಕೊಂಡೆ," ಎಂದರು ಇಂಗ್ಲಿಷಿನಲ್ಲಿ.

"ಓ... ಕರ್ರಿ," ಎಂದು ಆತ ಮುಖ ಕಿವುಚಿ, ಪ್ಯಾಂಟಿಗೆ ಕೈ ಒರೆಸಿಕೊಂಡ. ಪರರ ಬೆವರನ್ನು ಅತ್ತರಿನಂತೆ ಮೂಸಿದ ಮಹಾನುಭಾವ ಚಿಟಿಕೆ ಅರಿಶಿನಕ್ಕೆ ಹೇಸಿದ! ಆ ಬೇಸ್‌ಮೆಂಟಿನಲ್ಲಿ ನಾನು ಕಂಡ ಅತಿ ಹೊಲಸು ವಸ್ತು ಅವನೇ.

ಜರ್ಸಿ ಬೇಡವೆಂದು ಆತ ಹೋದ ಮೇಲೆ ಅಕ್ಕ ಟ್ರೇ ಹಿಡಿದು ಬಂದಳು. "ಯಾಕ್ರೀ, ಜರ್ಸಿ ಬಿಟ್ಟೇ ಹೋದ್ನಲ್ಲಾ?"

"ನಾನ ಕೊಡೂದಿಲ್ಲ ಅಂದೆ. ಮನ್ಯಾಗ ಇರ್ಲಿ."

ನಾನು ಬಾಯಿ ತೆರೆದೆ. ಭಾವ ನನ್ನ ಕಾಲು ತುಳಿದರು, ಗಟ್ಟಿಯಾಗಿಯೇ.

ಹೋದ ಚಳಿಗಾಲ ಅವರು ತೀರಿಕೊಂಡರು. ಮಕ್ಕಳು ಉಳಿದ ಜರ್ಸಿಗಳನ್ನೆಲ್ಲ ಸಾಗಹಾಕಿದರು. ಇದೊಂದನ್ನು ಅಕ್ಕ ನಡುಮನೆಯಲ್ಲೇ ತೂಗುಹಾಕಿದ್ದಾಳೆ. ಬಂದವರಿಗೆಲ್ಲ ಹೇಳುತ್ತಾಳೆ: "ಮನೀತನಕ ಬಂದು ಕೇಳಿದ್ರೂ ನಮ್ಮವ್ರು ಕೊಡ್ಲಿಲ್ಲ ನೋಡ್ರಿ." ಆಮೇಲೆ ನನ್ನತ್ತ ತಿರುಗುತ್ತಾಳೆ: "ಹೌದಲ್ಲೋ? ನೀನೂ ಇದ್ದಿ."

ನಾನು ಉಸಿರು ಬಿಗಿಹಿಡಿದು, ಹೌದು ಎನ್ನುತ್ತೇನೆ.