ಒದರುವ ದೀಪಗಳು

ನಮ್ಮ ಅತ್ತೆಗೆ ಅರಳುಮರಳು ಎಂದು ಮನೆಮಂದಿ ತೀರ್ಮಾನ ಮಾಡಿದ್ದು ದೀಪ ಹಚ್ಚುವ ಹೊತ್ತಿನಲ್ಲಿ. ಬೆಟಗೇರಿಯ ನಮ್ಮ ಓಣಿಯಲ್ಲಿ ಆ ಹೊತ್ತಿಗೆ ಬಾಗಿಲು ತೆರೆದಿರಬೇಕು, ಹೊಸ್ತಿಲಿಗೆ ಬೆಳಕು ಬಿದ್ದಿರಬೇಕು, ಕಸಬರಿಗೆ ಮುಟ್ಟುವಂತಿಲ್ಲ. ಲಕ್ಷ್ಮಿ ಬರುವ ಹೊತ್ತು. ಅಂಥ ಹೊತ್ತಿನಲ್ಲೇ ಅತ್ತೆ ಗೋಡೆ ಹಿಡಿದು ಎದ್ದುಬಂದು, ಮೊದಲು ಪಡಸಾಲೆಯದು, ಆಮೇಲೆ ಅಡುಗೆಮನೆಯದು, ಕೊನೆಗೆ ಮಗ್ಗದ ಕೋಣೆಯದು, ಒಂದೊಂದಾಗಿ ಬಲ್ಬು ಆರಿಸುತ್ತಾ ಹೋಗುತ್ತಿದ್ದರು. ನಮ್ಮಲ್ಲಿ ದೀಪ ಆರಿಸು ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಅಪಶಕುನ. ಶಾಂತ ಮಾಡು ಅನ್ನುತ್ತೇವೆ. ಅತ್ತೆಯೂ ಹಾಗೇ ಅನ್ನುತ್ತಿದ್ದರು.

"ದೀಪ ಶಾಂತ ಮಾಡ್ರಿ. ಒದರಾಕತ್ತಾವ."

"ದೀಪ ಹೆಂಗ ಒದರತಾವ ಯವ್ವಾ?" ಎಂದು ನನ್ನ ಗಂಡ ಕಾಲು ಇಳಿಬಿಟ್ಟು ಕೂರುವ ಮಗ್ಗದ ಕುಣಿಯೊಳಗಿನಿಂದಲೇ ಕೂಗುತ್ತಿದ್ದರು.

"ನನಗೇನ ಕೇಳತಿ? ಕಿವಿ ಇದ್ರ ಕೇಳು."

ಅರ್ಧ ಕಿವುಡಾದ ಮುದುಕಿ ಹೀಗೆ ಅಂದರೆ ನಗದೆ ಇನ್ನೇನು ಮಾಡುತ್ತಾರೆ? ನಕ್ಕರು. ಒಬ್ಬರು ನಕ್ಕದ್ದು ಓಣಿಗೆಲ್ಲ ಹಬ್ಬಿತು. ಮೂರುಸಂಜೆಯಲ್ಲಿ ಮನೆ ಕತ್ತಲೆ ಮಾಡುವ ಮುದುಕಿ ಎಂದು ಎದುರುಮನೆಯವಳು ನನ್ನ ಮುಂದೆಯೇ ಬೆರಳು ತಲೆಗೆ ಹಚ್ಚಿ ತಿರುವಿ ತೋರಿಸಿದಳು. ಅವತ್ತಿನ ಸಿಟ್ಟು ಇವತ್ತಿಗೂ ನನ್ನ ಹೊಟ್ಟೆಯೊಳಗೆ ಹಾಗೇ ಕೂತಿದೆ.

ಅತ್ತೆಯ ದಿನವೆಲ್ಲ ರಾಟೆಯ ಮುಂದೆ. ಲಾಳಿಯೊಳಗೆ ಇಡುವ ಕಂಡಿಕೆಗಳಿಗೆ ನೂಲು ಸುತ್ತುವುದು ಅವರ ಕೆಲಸ. ಬಲಗೈ ರಾಟೆಯ ಮೇಲೆ, ಎಡಗೈ ನೂಲಿನ ಮೇಲೆ, ಕಣ್ಣು ಎಳೆಯ ಮೇಲೆ. ಇಷ್ಟೆಲ್ಲ ಹಂಚಿಹೋದ ಮೇಲೆ ಉಳಿಯುವುದು ಕಿವಿ ಒಂದೇ. ಅದನ್ನು ಅವರು ರೇಡಿಯೋಕ್ಕೆ ಕೊಟ್ಟಿದ್ದರು. ಆ ಕಿವಿಯನ್ನೂ ಮಗ್ಗದ ಖಟಪಟ ಅರ್ಧ ತಿಂದುಹಾಕಿತ್ತು. ಗೂಟಕ್ಕೆ ನೇತುಹಾಕಿದ ಹಳೆಯ ಪೆಟ್ಟಿಗೆಯ ಮುಳ್ಳು ಒಂದೇ ಜಾಗದಲ್ಲಿ ಇರುತ್ತಿತ್ತು. ಯಾರೂ ಅದರ ಕಿವಿ ತಿರುವುವಂತಿರಲಿಲ್ಲ. ಸಂಜೆ ರೈತರ ಕಾರ್ಯಕ್ರಮ, ಆಮೇಲೆ ಸುದ್ದಿ. ನಮಗೆ ಹೊಲವಿಲ್ಲ, ಎತ್ತಿಲ್ಲ. ಆದರೆ ಅತ್ತೆಯ ತವರು ಮುಂಡರಗಿ ತಾಲೂಕಿನ ಕೊರ್ಲಹಳ್ಳಿ, ತುಂಗಭದ್ರೆಯ ದಂಡೆ. ತಮ್ಮನ ಮನೆ ಹೊಳೆಯ ಮಗ್ಗುಲಲ್ಲೇ. ಮಳೆಗಾಲ ಬಂತೆಂದರೆ ಅವರಿಗೆ ಬೇಕಾದದ್ದು ಒಂದೇ ಸುದ್ದಿ, ಹೊಳೆ ಎಷ್ಟು ಬಂದಿದೆ, ಯಾವ ಊರಿಗೆ ಎಚ್ಚರಿಕೆ ಕೊಟ್ಟಿದ್ದಾರೆ.

ಗುಂಡು ಬಲ್ಬು ಇರುವತನಕ ಎಲ್ಲ ಸರಿಯಿತ್ತು. ಎಲ್‌ಇಡಿ ಬಲ್ಬು ಬಂದವು, ಚಾರ್ಜರು ಬಂದವು, ಗೋಡೆಗೆ ಇನ್ವರ್ಟರ್ ಕೂತಿತು. ರೇಡಿಯೋದೊಳಗೆ ಗರಗರ ಎಂಬ ಸದ್ದು ಹೊಕ್ಕಿತು. ಸುದ್ದಿ ಓದುವವಳ ಮಾತಿನ ಮೊದಲರ್ಧವನ್ನೇ ಅದು ನುಂಗಿಬಿಡುತ್ತಿತ್ತು. ಅತ್ತೆಗೆ ಕೇಳುತ್ತಿದ್ದದ್ದು "...ಹಳ್ಳಿ" ಎಂಬುದಷ್ಟೇ. ನಮ್ಮ ಸೀಮೆಯಲ್ಲಿ ಯಾವ ಊರು ಹಳ್ಳಿಯಿಂದ ಮುಗಿಯುವುದಿಲ್ಲ ಹೇಳಿ?

"ಯಾವ ಹಳ್ಳಿ ಅಂದಳs ಯವ್ವಾ?" ಎಂದು ನನ್ನನ್ನು ಕೇಳುತ್ತಿದ್ದರು. ನನಗೂ ತಿಳಿಯುತ್ತಿರಲಿಲ್ಲ. ತಮ್ಮನಿಗೆ ಫೋನು ಹಚ್ಚಿದರೆ ಎಂದೂ ಸ್ವಿಚ್ ಆಫ್. ಅವರು ರಾಟೆ ನಿಲ್ಲಿಸಿ, ಎದ್ದು, ದೀಪ ಶಾಂತ ಮಾಡಲು ಹೊರಡುತ್ತಿದ್ದರು.

ಮೈದುನ ಲಕ್ಷ್ಮೇಶ್ವರದಲ್ಲಿ ಕಾಳುಕಡಿ ವ್ಯಾಪಾರ ಮಾಡುತ್ತಾನೆ. ನಾನು ಈ ಮನೆಗೆ ಬಂದಾಗ ಪಾಟೀಚೀಲ ಹೊತ್ತು ಶಾಲೆಗೆ ಹೋಗುತ್ತಿದ್ದವನು. ಹೊಸ ಕಾರು ತೋರಿಸಲು ಬಂದವನು ಅವ್ವ ಬಲ್ಬು ಆರಿಸುವುದನ್ನು ಕಣ್ಣಾರೆ ಕಂಡ.

"ಅಣ್ಣಾ, ಇದು ಚಲೋ ಲಕ್ಷಣ ಅಲ್ಲ. ನಮ್ಮ ಮನ್ಯಾಗ ನಾಕ ದಿನಾ ಇಟ್ಕೊಂಡು, ಹುಬ್ಬಳ್ಳ್ಯಾಗ ತಲಿ ಡಾಕ್ಟರ್‌ಗೆ ತೋರಸ್ತೀನಿ. ಮೊದಲ ಆ ರೇಡಿಯೋ ಬಿಡಸಬೇಕು. ಅದ ತಲಿ ಕೆಡಸೇತಿ."

ನನ್ನ ಗಂಡ ಹೂಂ ಅಂದರು. ಅತ್ತೆಯನ್ನು ಯಾರೂ ಕೇಳಲಿಲ್ಲ. ಅವರು ಸೀರೆ ಗಂಟು ಕಟ್ಟಿಕೊಂಡು, ಗೂಟದ ರೇಡಿಯೋ ಕಡೆ ನೋಡಿ, ನನ್ನ ಕೈ ಹಿಡಿದು, "ನೀನೂ ಬಾರs ತಂಗಿ, ಇವರು ನನ್ನ ಎಲ್ಲೆರ ಬಿಟ್ಟು ಬಂದಾರು" ಅಂದರು. ಒಲೆಯ ಮೇಲಿನ ಸಾರು ಕೆಳಗಿಳಿಸಿ ನಾನೂ ಹೊರಟೆ.

ಕಾರು ಶಿರಹಟ್ಟಿ ದಾರಿ ಹಿಡಿಯಿತು. ಮೈದುನನಿಗೆ ಕಾರಿನ ಬಗ್ಗೆ ಹೇಳಿ ತೀರದು. ಮುಂದಿನ ಪರದೆ ಮುಟ್ಟಿ, "ವೈನಿ, ಇದು ಡಿಜಿಟಲ್ ರೇಡಿಯೋ. ನೆಟ್ ಬ್ಯಾಡ, ಕರೆನ್ಸಿ ಬ್ಯಾಡ. ಒಂದ ಸ್ಟೇಶನ್ ಜಾಗಾದಾಗ ಎರಡು ಮೂರು ಕಾರ್ಯಕ್ರಮ ಬರತಾವ. ಏನ ಹೇಳಾಕತ್ತಾರ ಅಂತ ಅಕ್ಷರನೂ ಮೂಡತಾವ. ಎಫ್‌ಎಂ ಮುಟ್ಟಲಾರದ ಊರಿಗೂ ಇದು ಮುಟ್ಟತೈತಿ" ಎಂದು ಹೇಳಿಕೊಂಡ. ಎಂದಾದರೂ ಹಚ್ಚಿ ಕೇಳಿದ್ದೀಯಾ ಅಂದೆ. "ಯಾರ ಕೇಳತಾರ ವೈನಿ, ನಾ ಮೊಬೈಲ್ ಹಾಡ ಹಚ್ಚತೀನಿ" ಅಂದ. ಹೊತ್ತು ಸುದ್ದಿಯದೇ ಇತ್ತು. ಈಗ ಹಚ್ಚು ಅಂದೆ.

ನಮ್ಮದೇ ಕೇಂದ್ರ. ಅದೇ ಹೆಣ್ಣುಮಗಳ ದನಿ. ಗರಗರವಿಲ್ಲ, ಸಿಳ್ಳೆಯಿಲ್ಲ, ಉಸಿರು ಎಳೆದುಕೊಂಡದ್ದೂ ಕೇಳುವಷ್ಟು ಸ್ವಚ್ಛ. ತೊಳೆದು ಒಣಗಿಸಿದ ಮಾತು. ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟಿದ್ದಾರೆ, ದಂಡೆಯ ಊರಿನವರು ಎಚ್ಚರದಿಂದಿರಬೇಕು ಎಂದು ಹೇಳುತ್ತಾ ಊರುಗಳ ಹೆಸರು ಓದಿದಳು. ಅದರಲ್ಲಿ ಕೊರ್ಲಹಳ್ಳಿ, ಇಡಿಯಾಗಿ.

ಅತ್ತೆ ಹಿಂದಿನ ಸೀಟಿನಿಂದ ಮುಂದಕ್ಕೆ ಬಾಗಿದರು. "ಕೊರ್ಲಹಳ್ಳಿ ಅಂದಳು!" ಅಂದರು. ಅವರ ಕಣ್ಣು ತುಂಬಿದ್ದವು. ಆಮೇಲೆ ಕಾರಿನ ಸುತ್ತ ನೋಡಿ, "ಇಲ್ಲಿ ದೀಪ ಒದರೂದಿಲ್ಲ" ಅಂದರು.

ನನಗೆ ಆಗ ತಿಳಿಯಿತು, ರೇಡಿಯೋದೊಳಗೆ ಗರಗರ ಎಬ್ಬಿಸುತ್ತಿದ್ದದ್ದು ನಮ್ಮ ಹೊಸ ಬಲ್ಬುಗಳೇ. ತಿಳಿದದ್ದೇ ತಡ, ಸಿಟ್ಟು ನೆತ್ತಿಗೇರಿತು.

"ಗಾಡಿ ತಿರುವು," ಅಂದೆ ಮೈದುನನಿಗೆ.

"ಏನಾತು ವೈನಿ?"

"ತಿರುವು ಅಂದ್ನೆಲ್ಲ! ನಿಮ್ಮವ್ವನ ತಲಿ ನೆಟ್ಟಗೈತಿ. ನಮ್ಮೆಲ್ಲರದೂ ಕೆಟ್ಟೈತಿ."

ಬೆಟಗೇರಿಗೆ ಹಿಂದಿರುಗಿ ಕಾರನ್ನು ಬಾಗಿಲ ಮುಂದೆಯೇ ನಿಲ್ಲಿಸಿದ. ಹಳೆಯ ರೇಡಿಯೋ ತಂದು ಕಾರಿನ ಪಕ್ಕದ ಕಟ್ಟೆಯ ಮೇಲೆ ಇಟ್ಟೆ. ಮನೆಯ ಬಲ್ಬುಗಳನ್ನೆಲ್ಲ ಹಚ್ಚಿಸಿದೆ. ಹಳೆಯದು ಗರಗರ ಎಂದು ಕಿರುಚತೊಡಗಿತು. ಕಾರಿನದು ತಣ್ಣಗೆ ಮಾತಾಡುತ್ತಲೇ ಇತ್ತು. ಗಂಡನಿಗೆ ಪಡಸಾಲೆಯ ಬಲ್ಬು ಶಾಂತ ಮಾಡಲು ಹೇಳಿದೆ. ಹಳೆಯದರ ಕಿರುಚಾಟ ಅರ್ಧಕ್ಕಿಳಿಯಿತು. ಅಡುಗೆಮನೆಯದು ಆರಿಸಿದರು, ಇನ್ನಷ್ಟು ಇಳಿಯಿತು. ಮತ್ತೆ ಹಚ್ಚಿದರು, ಒದರಿತು. ಎದುರುಮನೆಯವಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ತಲೆಗೆ ಹಚ್ಚಿ ತಿರುವಿದ ಆ ಬೆರಳನ್ನು ಈಗ ಎಲ್ಲಿ ಇಟ್ಟುಕೊಳ್ಳುತ್ತೀಯವ್ವ ಎಂದು ಕೇಳಬೇಕೆಂದಿದ್ದೆ. ಆ ಬೆರಳನ್ನೇ ದಿಟ್ಟಿಸಿದೆ. ಒಳಗೆ ಹೋದಳು.

ಕಟ್ಟೆಯ ಮೇಲೆ ಕೂತಿದ್ದ ಅತ್ತೆ, "ನನ್ನ ತಮ್ಮಗ ಯಾರರ ಹೇಳಿ ಕಳಸ್ರಿ" ಅಂದರು. ಗಂಡ ಆ ಊರಿನ ಇನ್ನೊಬ್ಬರ ನಂಬರು ಹುಡುಕಿ ಫೋನು ಮಾಡಿದರು. ಹೊಳೆ ಇನ್ನೂ ದಂಡೆಯ ಕೆಳಗಿದೆ, ದನಗಳನ್ನು ಮೇಲಿನ ಓಣಿಗೆ ಹೊಡೆದಿದ್ದಾರೆ ಎಂದು ಗೊತ್ತಾದ ಮೇಲೆಯೇ ಅತ್ತೆ ಚಹಾ ಕುಡಿದದ್ದು.

ಇಷ್ಟಾದರೂ ಮೈದುನ, "ಆದ್ರೂ ವೈನಿ, ಒಮ್ಮೆ ತೋರಿಸಿದ್ರ ತಪ್ಪೇನು?" ಅಂದ.

"ತೋರಸೋಣು. ಕಿವಿ ತೋರಸೋಣು. ತಲಿ ಅಲ್ಲ."

ಮರುದಿನ ಗದಗಿಗೆ ಹೋದೆ. ಅಂಗಡಿಯಿಂದ ಅಂಗಡಿಗೆ. ಕಾರಿನಲ್ಲಿ ಕೇಳಿದ್ದೇ ರೇಡಿಯೋ ಬೇಕು, ಕೈಯಲ್ಲಿ ಹಿಡಿಯುವಷ್ಟು, ಗೂಟಕ್ಕೆ ನೇತುಹಾಕುವಂಥದ್ದು ಎಂದು ಕೇಳಿದೆ. ಒಬ್ಬ ನಕ್ಕ. ಒಬ್ಬ ಕೇಳಿಸಿಕೊಳ್ಳಲೇ ಇಲ್ಲ. ಇನ್ನೊಬ್ಬ, "ಡಿಜಿಟಲ್ ಬೇಕಲ್ರಿ ಅಕ್ಕಾರ, ಐತ್ರಿ" ಎಂದು ಹುರುಪಿನಿಂದ ಒಂದು ಪೆಟ್ಟಿಗೆ ತೆಗೆದ. ಅದರ ಎದೆಯ ಮೇಲೆ ಕೆಂಪು ಅಂಕಿಗಳು ಮಿಣಮಿಣ ಹೊಳೆದವು.

"ನೋಡ್ರಿ, ನಂಬರ್ ಕಾಣತಾವ. ಡಿಜಿಟಲ್."

"ನಮ್ಮ ಸ್ಟೇಶನ್ ಹಚ್ಚಿ ತೋರಸ್ರಿ."

ಹಚ್ಚಿದ. ಅವನ ಅಂಗಡಿಯ ಸಾಲು ದೀಪಗಳ ಕೆಳಗೆ ಅದು ನಮ್ಮ ಹಳೆಯದಕ್ಕಿಂತ ಜೋರಾಗಿ ಕಿರುಚಿತು. ಡಿಜಿಟಲ್ ಆದದ್ದು ಅಂಕಿ ಮಾತ್ರ.

"ಇದೂ ಒದರತೈತೆಲ್ರಿ?"

"ಅಕ್ಕಾರ, ರೇಡಿಯೋ ಅಂದ್ರ ಒದರೂದs ಅಲ್ಲೇನ್ರಿ?" ಎಂದು ಅವನು ನಿಜವಾಗಿಯೂ ಅಚ್ಚರಿಪಟ್ಟ. "ಮುದುಕರಿಗೆ ಮೊಬೈಲ್ ಕೊಡ್ರಿ, ಎಲ್ಲಾ ಅದರಾಗ ಬರತೈತಿ."

ಮೊಬೈಲ್ ಕೊಟ್ಟು ನೋಡಿದ್ದೇವೆ. ವರ್ಷಗಟ್ಟಲೆ ನೂಲು ಹಿಡಿದು ಅತ್ತೆಯ ಬೆರಳ ತುದಿಗಳು ಸವೆದು ಗಾಜಿನಂತಾಗಿವೆ. ರೇಷನ್ ಅಂಗಡಿಯ ಯಂತ್ರಕ್ಕೂ ಆ ಬೆರಳಿನ ಗುರುತು ಸಿಗುವುದಿಲ್ಲ, ಮೊಬೈಲಿನ ಪರದೆಗೂ ತಿಳಿಯುವುದಿಲ್ಲ. ಒತ್ತುತ್ತಾರೆ, ಉಜ್ಜುತ್ತಾರೆ, ಕೊನೆಗೆ ಉಗುರಿನಿಂದ ಕುಟ್ಟುತ್ತಾರೆ. ಅದೃಷ್ಟಕ್ಕೆ ಹತ್ತಿದರೆ ಮೊದಲು ಜಾಹೀರಾತು. ಅಷ್ಟರಲ್ಲಿ ರಾಟೆಯ ಎಳೆ ಹರಿದಿರುತ್ತದೆ, ಹೊಳೆಯ ಸುದ್ದಿ ಮುಗಿದಿರುತ್ತದೆ.

ನನ್ನ ಸಿಟ್ಟು ಆ ಅಂಗಡಿಯವನ ಮೇಲಲ್ಲ. ಅವನಿಗೆ ಬಂದ ಮಾಲು ಅವನು ಮಾರುತ್ತಾನೆ. ಇಂಥ ಒಳ್ಳೆಯ ವಸ್ತು ತಯಾರಾಗಿ, ಗಾಳಿಯಲ್ಲಿ ಪ್ರತಿ ಸಂಜೆ ನಮ್ಮ ಮಾಳಿಗೆಯ ಮೇಲೆಯೇ ಹಾದುಹೋಗುತ್ತಿದೆ. ಅದು ಇಳಿಯುವುದು ಎಲ್ಲಿ? ಕೇಳದವನ ಕಾರಿನಲ್ಲಿ. ಅವನಿಗೆ ಹಾಡಿಗೆ ಬೇರೆ ದಾರಿಯಿದೆ, ಸುದ್ದಿಗೆ ಬೇರೆ ದಾರಿಯಿದೆ. ಕಣ್ಣು ಕೈ ಎರಡೂ ಕೆಲಸಕ್ಕೆ ಕಟ್ಟಿಹಾಕಿಕೊಂಡವಳಿಗೆ, ಅರ್ಧ ಕಿವಿಯಲ್ಲಿ ತವರಿನ ಹೆಸರು ಹುಡುಕುವವಳಿಗೆ ಅದು ಮೊದಲು ಸಿಗಬೇಕಿತ್ತು. ಅವಳಿಗೆ ಸಿಕ್ಕದ್ದು ತಲೆ ಡಾಕ್ಟರು. ಯಾರದೋ ಸೌಕರ್ಯ ಎಂದು ಬಿಟ್ಟುಬಿಡುವ ಮಾತೇ ಇದು? ಒಂದು ಹೆಣ್ಣುಮಗಳ ಬುದ್ಧಿ ನೆಟ್ಟಗಿದೆಯೋ ಇಲ್ಲವೋ ಎಂಬುದೇ ಒಂದು ಗರಗರದ ಮೇಲೆ ನಿಂತುಬಿಟ್ಟಿತ್ತು.

ಅಂದಿನಿಂದ ನಮ್ಮ ಮನೆಯಲ್ಲಿ ಒಂದು ಪದ್ಧತಿ ಮಾಡಿದ್ದೇನೆ. ದೀಪ ಹಚ್ಚುವ ಹೊತ್ತಿಗೆ ದೇವರ ಮುಂದೆ ಎಣ್ಣೆದೀಪದ ಸಮೆ ಹಚ್ಚುತ್ತೇನೆ, ಹೊಸ್ತಿಲಿಗೊಂದು ಪಣತಿ ಇಡುತ್ತೇನೆ, ರಾಟೆಯ ಹತ್ತಿರ ಕಂದೀಲು. ಆಮೇಲೆ ಇನ್ವರ್ಟರ್ ಆರಿಸಿ, ಮೀಟರಿನ ಪಕ್ಕದ ಮೇನ್ ಸ್ವಿಚ್ಚು ಇಳಿಸುತ್ತೇನೆ. ಲಕ್ಷ್ಮಿಗೆ ಎಣ್ಣೆದೀಪ ಸಾಲದೆಂದರೆ ಎದುರುಮನೆಗೆ ಹೋಗಲಿ. ನೆರೆಮನೆಗಳ ಒದರಾಟ ತೆಳ್ಳಗೆ ಉಳಿಯುತ್ತದೆ, ಅದಕ್ಕೆ ನನ್ನ ಹತ್ತಿರ ಮದ್ದಿಲ್ಲ. ಗಂಡ ಮೊದಮೊದಲು ಗೊಣಗಿದರು. ಈಗ ಮಗ್ಗ ನಿಲ್ಲಿಸಿ, ಕುಣಿಯಿಂದ ಮೇಲೆ ಬಂದು ಅವ್ವನ ಪಕ್ಕ ಕೂರುತ್ತಾರೆ.

ಮೊನ್ನೆ ಮಳೆಯಲ್ಲಿ ಮೈದುನ ಬಂದಿದ್ದ. ಫೋನು ಚಾರ್ಜಿಗೆ ಹಾಕಿ ಪಡಸಾಲೆಯಲ್ಲಿ ಕಾಲು ಚಾಚಿದ್ದ. ನಾನು ಮೇನ್ ಇಳಿಸಿದೆ.

"ಕರೆಂಟ್ ಹೋತೇನು ವೈನಿ?"

"ಹೋಗಿಲ್ಲ. ಶಾಂತ ಮಾಡೇನಿ."

"ಎಷ್ಟ ದಿನಾ ಹಿಂಗ ಕತ್ತಲ್ಯಾಗ ಕುಂಡ್ರೂದು?"

"ನಿನ್ನ ಕಾರಿನ್ಯಾಗಿಂದು ನಿಮ್ಮವ್ವನ ರಾಟಿ ಮುಂದ ಬರೂತನಕ."

ಅವನೇನೋ ಹೇಳಲು ಬಾಯಿ ತೆರೆದ. ಕಂದೀಲಿನ ಬೆಳಕಿನಲ್ಲಿ ಅತ್ತೆ ರಾಟೆ ನಿಲ್ಲಿಸಿ ಕೈ ಎತ್ತಿದರು.

"ಮಾತು ಶಾಂತ ಮಾಡ್ರಿ ಇಬ್ಬರೂ. ಹೊಳಿ ಸುದ್ದಿ ಬಂತು."