ಗೆರ್ಲಿಯ ಚಿಂದಿ

ನಿಲ್ದಾ ಕಾರಿಸೊಗೆ ಐವತ್ತೊಂಬತ್ತು ವರ್ಷ. ಅದರಲ್ಲಿ ಮೂವತ್ತೆಂಟು ವರ್ಷವನ್ನು ಅವಳು ದೊನ್ ಬೆನಿತೊನ ಕಾರ್ಖಾನೆಯಲ್ಲಿ, ಅಂಗಡಿಗಳ ಮುಂದೆ ಬಿಸಿಲಿಗೆ ಕಟ್ಟುವ ಕ್ಯಾನ್ವಾಸು ಹೊಲಿಯುತ್ತ ಕಳೆದಿದ್ದಾಳೆ. ಮದುವೆಯಾಗಲಿಲ್ಲ. ಯಾಕೆ ಅಂತ ಕೇಳಿದವರಿಗೆ, "ಬಂದೋರೆಲ್ಲ ಶನಿವಾರ ಸಂಜೆ ಮನೇಲಿರು ಅಂದ್ರು, ನಾನು ಆಗಲ್ಲ ಅಂದೆ" ಅನ್ನುತ್ತಿದ್ದಳು. ಶನಿವಾರ ಸಂಜೆ ಅವಳು ಹೇಗೆ ಮನೆಯಲ್ಲಿರುತ್ತಾಳೆ? ಶನಿವಾರ ಎಲ್ಲಾದರೂ ತ್ರಾನ್ವಿಯಾ ಕೆಮಾದೊ ಹಾಡುತ್ತಿರುತ್ತಿತ್ತು.

ರೈಲುಹಳಿಯ ಈಚೆಗಿನ ಗೆರ್ಲಿ ಪೇಟೆಯಲ್ಲಿ ಬೆಳೆದವರಿಗೆ ತ್ರಾನ್ವಿಯಾ ಅಂದರೆ ಬರೀ ರಾಕ್ ತಂಡವಲ್ಲ. ನಾವು ಅದರ ಒಕ್ಕಲು. ಪ್ರತಿ ಪೇಟೆಗೂ ಒಂದೊಂದು ಬಾವುಟ ಇರುತ್ತಿತ್ತು. ಬಾವುಟ ಅನ್ನುವುದು ಸರ್ಕಾರದವರ ಮಾತು. ನಾವು ಅದನ್ನು ಮುದ್ದಿನಿಂದ ಚಿಂದಿ ಅನ್ನುತ್ತೇವೆ. ಚಿಂದಿಗೂ ಕಟ್ಟುಪಾಡುಗಳಿವೆ. ಅದನ್ನು ಒಗೆಯಬಾರದು. ತನ್ನ ಪೇಟೆಯವರಿಲ್ಲದೆ ಅದು ಹಾಡಿನ ಜಾಗದೊಳಕ್ಕೆ ಹೋಗಬಾರದು. ಒಂದು ಪೇಟೆಯ ಚಿಂದಿಯನ್ನು ಇನ್ನೊಂದು ಪೇಟೆಯವರು ಹೊಲಿಯಬಾರದು, ದುಡ್ಡಿಗಂತೂ ಬೇಡವೇ ಬೇಡ. ಕಾರ್ಯಕ್ರಮ ಅರ್ಧಕ್ಕೆ ಬಂದಾಗ ಗಾಯಕ ತಾತೊ ಗಿಟಾರನ್ನು ಕೆಳಗಿಟ್ಟು, ಎದುರಿನ ಕಟಕಟೆಗೆ ಕಟ್ಟಿದ ಚಿಂದಿಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದುತ್ತಾನೆ. ತಮ್ಮ ಪೇಟೆಯ ಹೆಸರು ಬಂದಾಗ ಆ ಪೇಟೆಯವರು ಗಂಟಲು ಹರಿಯುವ ಹಾಗೆ ಕೂಗುತ್ತಾರೆ. ಅಷ್ಟಕ್ಕೋಸ್ಕರ ನಾವು ನಾನೂರು ಕಿಲೋಮೀಟರು ನಿಂತುಕೊಂಡು ಹೋದದ್ದಿದೆ, ಹುಚ್ಚರು.

ಗೆರ್ಲಿಯ ಚಿಂದಿಯನ್ನು ಹೊಲಿದವಳು ನಿಲ್ದಾ, ಹೊತ್ತವನು ಅವಳ ತಮ್ಮ ಊಗೊ. ಎಂಬತ್ತೊಂಬತ್ತನೇ ಇಸವಿ, ಬೆಳಿಗ್ಗೆ ಒಂದು ರೊಟ್ಟಿಗೆ ಕೊಟ್ಟ ದುಡ್ಡಿಗೆ ಸಂಜೆ ಅರ್ಧ ರೊಟ್ಟಿಯೂ ಬಾರದ ಕಾಲ. ದೊನ್ ಬೆನಿತೊ ಒಂದು ತಿಂಗಳು ಸಂಬಳದ ಬದಲಿಗೆ ಹಸಿರು ಬಿಳಿ ಪಟ್ಟೆಯ ಕ್ಯಾನ್ವಾಸು ಕೊಟ್ಟ. ಅವ್ವ ತಲೆ ಚಚ್ಚಿಕೊಂಡಳು; ಅಕ್ಕ ತಮ್ಮ ಚಿಂದಿ ಮಾಡಿಕೊಂಡರು. ಆಗ ತ್ರಾನ್ವಿಯಾ ಹಾಡುತ್ತಿದ್ದದ್ದು ಪೇಟೆಯ ಕ್ಲಬ್ಬಿನಲ್ಲಿ, ಬಾಸ್ಕೆಟ್‌ಬಾಲ್ ಆಡುವ ಅಂಗಳದಲ್ಲಿ. ಟಿಕೆಟ್ಟಿಗೆ ಒಂದು ಪಿಜ್ಜಾದ ಬೆಲೆ. ಅದೂ ಇಲ್ಲದವರಿಗೆ ತಾತೊನೇ ಬಾಗಿಲಲ್ಲಿ ನಿಂತು, "ಒಳಗೆ ಬಾರೋ, ದುಡ್ಡಿದ್ದಾಗ ಕೊಡುವಿಯಂತೆ" ಅನ್ನುತ್ತಿದ್ದ. ಒಂದು ಸಲ ನಿಲ್ದಾಳ ಮನೆಗೇ ಬಂದು ಅವ್ವನ ಕೈಯ ಬೇಳೆ ಸಾರು ಎರಡು ತಟ್ಟೆ ಉಂಡು ಹೋಗಿದ್ದ.

ತೊಂಬತ್ತಾರರಲ್ಲಿ ಅಸೂಲ್ ಊರಿನ ಹತ್ತಿರ, ಕಾರ್ಯಕ್ರಮ ಮುಗಿಸಿ ಹಿಂದಿರುಗುವಾಗ, ಬಸ್ಸು ಮಗುಚಿತು. ಊಗೊಗೆ ಇಪ್ಪತ್ತೇಳು. ಪಕ್ಕದ ಸೀಟಿನಲ್ಲಿದ್ದ ಅವನ ಜೀವದ ಗೆಳೆಯ, ಮೀನಂಗಡಿಯ ಡುಮ್ಮ ಮನ್ಸಿಯಾ, ಒಂದು ಕಾಲು ಕುಂಟಾಗಿ ಉಳಿದುಕೊಂಡ. ಚಿಂದಿಯನ್ನು ಮಡಚಿ ಮನೆಗೆ ತಂದುಕೊಟ್ಟವನು ಅವನೇ. ನಿಲ್ದಾ ಅದರ ಮೂಲೆಯಲ್ಲಿ ಕೆಂಪು ಬಟ್ಟೆ ಕತ್ತರಿಸಿ "ಊಗೊ" ಅಂತ ಹೊಲಿದಳು. ಮುಂದಿನ ಕಾರ್ಯಕ್ರಮದಲ್ಲಿ ತಾತೊ ಚಿಂದಿಗಳನ್ನು ಓದುತ್ತ ಬಂದ. "ಗೆರ್ಲಿ" ಅಂದ. ಸ್ವಲ್ಪ ತಡೆದು, "ಊಗೊ" ಅಂದ. ಹತ್ತು ಸಾವಿರ ಜನ ಅವನ ಹಿಂದೆಯೇ ಆ ಹೆಸರನ್ನು ಹೇಳಿದರು.

ಆ ದಿನ ಮನೆಗೆ ಬಂದು ಅವಳು, "ತಾತೊ ಮರೆತಿಲ್ಲ ಕಣವ್ವಾ, ನಮ್ಮ ಊಗೊನ ಹೆಸರು ಹೇಳಿದ" ಅಂದಳು. ಅವ್ವ ಅದನ್ನು ಮೂರು ಸಲ ಹೇಳಿಸಿಕೊಂಡು ಕೇಳಿದಳು.

ಆಮೇಲೆ ಹದಿಮೂರು ವರ್ಷ ಪ್ರತಿ ಕಾರ್ಯಕ್ರಮದಲ್ಲೂ ಹಾಗೆಯೇ. ಗೆರ್ಲಿ, ಊಗೊ. ಎರಡು ಸಾವಿರದ ಒಂಬತ್ತರಲ್ಲಿ ತಂಡ ಒಡೆಯಿತು. ಅಪ್ಪ ಹೋದ, ಅವ್ವ ಹೋದಳು. ಹದಿನಾಲ್ಕು ವರ್ಷದಿಂದ ಈ ಲೋಕದಲ್ಲಿ ಆ ಹೆಸರನ್ನು ಗಟ್ಟಿಯಾಗಿ ಹೇಳಿದವರಿಲ್ಲ. ಆದ್ದರಿಂದ ತ್ರಾನ್ವಿಯಾ ಮತ್ತೆ ಒಂದಾಗಿ ಒಂದೇ ಒಂದು ಕಾರ್ಯಕ್ರಮ ಕೊಡುತ್ತದೆ ಅಂತ ರೇಡಿಯೊದಲ್ಲಿ ಬಂದಾಗ ನಿಲ್ದಾಗೆ ಹಾಡಿನ ಆಸೆಗಿಂತ ಹೆಚ್ಚಾಗಿ ಹುಟ್ಟಿದ್ದು ಇದೊಂದು ಆಸೆ: ತಾತೊನ ಬಾಯಲ್ಲಿ ತಮ್ಮನ ಹೆಸರನ್ನು ಇನ್ನೊಮ್ಮೆ ಕೇಳಬೇಕು.

ಟಿಕೆಟ್ಟು ಬಿಡುವ ದಿನ ಡುಮ್ಮ ಮಗಳ ಕಂಪ್ಯೂಟರನ್ನು ಕಾರ್ಖಾನೆಗೇ ಹೊತ್ತು ತಂದ. ಅವನ ಕೈಯ ಮೀನಿನ ವಾಸನೆ ಅದಕ್ಕೂ ಹತ್ತಿತ್ತು. ಅವರ ಮುಂದೆ ಎಂಬತ್ತನಾಲ್ಕು ಸಾವಿರ ಜನ ಸಾಲಿನಲ್ಲಿದ್ದಾರೆ ಅಂತ ಪರದೆ ಹೇಳಿತು. ಮೂರು ತಾಸು ಕಾದ ಮೇಲೆ ಸರದಿ ಬಂತು. ಕಡಿಮೆ ಬೆಲೆಯವೆಲ್ಲ ಖಾಲಿಯಾಗಿದ್ದವು. ಉಳಿದವುಗಳ ಬೆಲೆ ಕಣ್ಣೆದುರಿಗೇ ಬದಲಾಗುತ್ತಿತ್ತು.

"ನೋಡ್ತಾ ನೋಡ್ತಾ ಏರ್ತಿದೆಯಲ್ಲೇ!" ಅಂದ ಡುಮ್ಮ. "ಇದು ಟಿಕೆಟ್ಟಾ, ಜ್ವರಾನಾ?"

"ಇನ್ನೊಂದ್ಸಲ ಒತ್ತೋ."

"ಒತ್ತಿದಷ್ಟೂ ಏರ್ತದೆ ಕಣೇ. ಬೇಕಾದೋರು ಜಾಸ್ತಿ ಇದ್ರೆ ತಾನಾಗೇ ಏರ್ಸ್ಕೊಳ್ಳುತ್ತಂತೆ. ನಾನು ಮೀನಿಗೆ ಹಂಗ್ ಮಾಡಿದ್ರೆ ನನ್ ಕಿವಿರು ಕಿತ್ತು ತಕ್ಕಡೀಲಿಡ್ತಾರೆ."

ಎಲ್ಲಕ್ಕಿಂತ ಹಿಂದಿನ ಮೂಲೆಗೆ ನಿಲ್ದಾಳ ಒಂದೂವರೆ ತಿಂಗಳ ಸಂಬಳ, ವೇದಿಕೆಯೆದುರಿನ ಕುರ್ಚಿಗೆ ನಾಲ್ಕು ತಿಂಗಳದ್ದು. ಅವಳು ಫ್ರಿಜ್ಜು ಮಾರುವ ಲೆಕ್ಕ ಹಾಕುತ್ತಿದ್ದಳು. "ಮಾರೇ, ಮಾರು. ಹೊಟ್ಟೆಗೆ ಹಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು" ಅಂತ ಡುಮ್ಮ ಅಂದದ್ದೇ ತಡ, ಸಮಯ ಮುಗಿಯಿತು ಅಂತ ಪರದೆ ಅವರನ್ನು ಹೊರಗೆ ಹಾಕಿತು. ಕೆಳಗೆ ಸಣ್ಣ ಅಕ್ಷರದಲ್ಲಿ, ಹೊರಗಿನಿಂದ ಬಾವುಟ ತರುವಂತಿಲ್ಲ ಅಂತಲೂ ಬರೆದಿತ್ತು.

ಅದೇ ವಾರ ತಾತೊ ಟಿವಿಯಲ್ಲಿ ಬಂದ. ಉರುಗ್ವೆಯ ಸಮುದ್ರದ ದಂಡೆಯಲ್ಲಿ ಅವನ ಮನೆ, ಹಿಂದೆ ನೀಲಿ ಈಜುಕೊಳ. ಬೆಲೆಯ ಮಾತು ಬಂದಾಗ, "ಅದು ನಮ್ಮ ಕೈಯಲ್ಲಿಲ್ಲ, ಮಾರುಕಟ್ಟೆ. ನಿಜವಾಗಿ ಪ್ರೀತಿ ಇರೋರು ಹೇಗಾದ್ರೂ ಬರ್ತಾರೆ" ಅಂದ. ಡುಮ್ಮ ಕೈಯಲ್ಲಿದ್ದ ಬ್ರೆಡ್ಡನ್ನು ಟಿವಿಗೆ ಎಸೆದ.

"ಹತ್ತಿದ ಏಣಿ ಒದೆಯೋ ನನ್ಮಗ!"

"ಅವನಿಗೆ ಗೊತ್ತಿರಲ್ಲ ಕಣೋ," ಅಂದಳು ನಿಲ್ದಾ. "ಸುತ್ತ ಇರೋರು ಮಾಡೋದು ಇದೆಲ್ಲ."

"ಹೌದೌದು. ದುಡ್ಡೂ ಪಾಪ ಅವನಿಗೆ ಗೊತ್ತಿಲ್ದಂಗೇ ಜೇಬಿಗೆ ಬೀಳುತ್ತೆ."

ಅವಳಿಗೆ ನಗು ಬಂತು, ಆದರೂ ಒಪ್ಪಲಿಲ್ಲ. ಬೇಳೆ ಸಾರು ಉಂಡು ಹೋದವನನ್ನು ಅಷ್ಟು ಸುಲಭವಾಗಿ ಬಿಟ್ಟುಕೊಡಲು ಅವಳಿಗಾಗಲಿಲ್ಲ.

ಕಾರ್ಯಕ್ರಮಕ್ಕೆ ಇಪ್ಪತ್ತು ದಿನ ಇರುವಾಗ ದೊನ್ ಬೆನಿತೊಗೆ ಒಂದು ಆರ್ಡರು ಬಂತು. ವೇದಿಕೆಯ ಅಲಂಕಾರಕ್ಕೆ ಅರವತ್ತು ಬಾವುಟ, ಹಳೆಯದರಂತೆ ಕಾಣಬೇಕು. ಜೊತೆಗೆ ಪೇಟೆಪೇಟೆಯ ಚಿಂದಿಗಳ ಹಳೆಯ ಫೋಟೋಗಳು. ಲನೂಸ್, ವಿಲ್ಲಾ ದೊಮಿನಿಕೊ, ಕಿಲ್ಮೆಸ್. ಹನ್ನೊಂದನೇ ಫೋಟೋದಲ್ಲಿ ಹಸಿರು ಬಿಳಿ ಪಟ್ಟೆ. ಗೆರ್ಲಿ. ಮೂಲೆಯಲ್ಲಿ ಕೆಂಪು.

ನಿಲ್ದಾಳ ಎದೆ ಉಬ್ಬಿತು. ಇದನ್ನು ತಾತೊನೇ ಹೇಳಿಸಿರಬೇಕು. ಪೇಟೆಯವರಿಗೆ ಬರಲಾಗದಿದ್ದರೆ ಅವರ ಹೆಸರಾದರೂ ಇರಲಿ ಅಂದಿರಬೇಕು. ಇಂಥ ತಪ್ಪು ಯೋಚನೆ ನಮ್ಮವರ ತಲೆಗೆ ಮಾತ್ರ ಹೊಳೆಯುತ್ತದೆ.

ವಿಷಯ ಕೇಳಿ ಡುಮ್ಮ ಕೆಂಡವಾದ. "ಕಿಲ್ಮೆಸ್‌ನೋರ ಚಿಂದಿ ನೀನು ಹೊಲೀತೀಯೇನೇ? ಅದೂ ಕೂಲಿಗೆ? ಊಗೊ ಇದ್ದಿದ್ರೆ ನಿನ್ ಮುಖ ನೋಡ್ತಿರ್ಲಿಲ್ಲ."

"ಊಗೊ ಒಳಗೆ ಹೋಗ್ತಾನೆ ಕಣೋ," ಅಂದಳು ಅವಳು. "ನಾವಿಬ್ರೂ ಹೊರಗಿದ್ರೂ ಅವನು ಒಳಗಿರ್ತಾನೆ. ನಂಗಷ್ಟು ಸಾಕು."

ಹತ್ತೊಂಬತ್ತು ದಿನದಲ್ಲಿ ಅವಳು ಅರವತ್ತನ್ನೂ ಮುಗಿಸಿದಳು. ಗೆರ್ಲಿಯದನ್ನು ಕೊನೆಗೆ ಹೊಲಿದು, ಮೂಲೆಯ ಕೆಂಪು ಹೆಸರನ್ನು ಯಂತ್ರಕ್ಕೆ ಕೊಡದೆ ಕೈಯಲ್ಲೇ ಹಾಕಿದಳು.

ಒಯ್ಯಲು ಬಂದವನು ಕಾರ್ಯಕ್ರಮ ನಡೆಸುವ ಕಂಪನಿಯ ತರುಣ, ನಯವಾಗಿ ಮಾತಾಡುವವನು. ಒಂದೊಂದನ್ನೇ ಬಿಡಿಸಿ ನೋಡುತ್ತ ಗೆರ್ಲಿಯದರ ಹತ್ತಿರ ನಿಂತ.

"ಮೇಡಂ, ಇದೇನಿದು ಊಗೊ ಅಂತ?"

"ಫೋಟೋದಲ್ಲಿದೆಯಲ್ಲಪ್ಪ."

"ಫೋಟೋದಲ್ಲಿ ಕಲೆ ಅಂದ್ಕೊಂಡಿದ್ವಿ. ಊರಿನ ಹೆಸರು ಮಾತ್ರ ಇರ್ಬೇಕು ಮೇಡಂ. ಜನರ ಹೆಸರು ಹಾಕಿದ್ರೆ ಮನೆಯೋರ ಒಪ್ಪಿಗೆ ಪತ್ರ ಬೇಕು, ವಕೀಲರು ಬಿಡಲ್ಲ."

"ನಾನೇ ಅವನ ಅಕ್ಕ. ಒಪ್ಪಿಗೆ ಅಂತ ಈಗ್ಲೇ ಬರ್ದುಕೊಡ್ತೀನಿ."

"ಅದೆಲ್ಲ ನಾಳೆಯೊಳಗೆ ಆಗಲ್ಲ ಮೇಡಂ. ಬಿಚ್ಚಿಬಿಡಿ, ಇಲ್ಲಾಂದ್ರೆ ಇಡೀ ಆರ್ಡರು ವಾಪಸ್ ಹೋಗುತ್ತೆ."

ಆ ಆರ್ಡರಿನ ಮೇಲೆ ಏಳು ಜನರ ತಿಂಗಳ ಅನ್ನ ನಿಂತಿತ್ತು, ಅದು ಎಲ್ಲರಿಗೂ ಗೊತ್ತು. ನಿಲ್ದಾ ಬ್ಲೇಡು ತೆಗೆದುಕೊಂಡಳು. ಕೈಹೊಲಿಗೆ ಬಿಚ್ಚುವುದು ಕಷ್ಟ, ಬಹಳ ಹೊತ್ತು ಹಿಡಿಯಿತು. ತರುಣ ಸೌಜನ್ಯದಿಂದ ಕಾದ. ಮುಗಿದ ಮೇಲೆ ಅವಳು ಮಾನ ಬಿಟ್ಟು, ಹಿಂದಿನ ಸಾಲಿನದಾದರೂ ಒಂದು ಟಿಕೆಟ್ಟು ಸಿಗುತ್ತದೆಯೇ ಅಂತ ಕೇಳಿದಳು. ಶೇಕಡಾ ಹತ್ತು ರಿಯಾಯಿತಿಯ ಚೀಟಿ ಕಳಿಸುತ್ತೇನೆ ಅಂದ ಪುಣ್ಯಾತ್ಮ.

"ಪರವಾಗಿಲ್ಲ," ಅಂದಳು ಆ ಸಂಜೆ ಡುಮ್ಮನಿಗೆ. "ತಾತೊಗೆ ಬಾಯಿಪಾಠ ಅದು. ಗೆರ್ಲಿ ಅಂದ ಮೇಲೆ ಊಗೊ ಅನ್ದೆ ಇರೋಕೆ ಅವನ ನಾಲಿಗೆಗೇ ಬರಲ್ಲ."

ಕಾರ್ಯಕ್ರಮದ ದಿನ ಇಬ್ಬರೂ ಕ್ರೀಡಾಂಗಣದ ಹಿಂದಿನ ರಸ್ತೆಯಲ್ಲಿ, ಗೋಡೆಯ ಪಕ್ಕ ಕೂತರು. ಟಿಕೆಟ್ಟಿಲ್ಲದವರು ಅಲ್ಲಿ ಸಾವಿರಾರು ಜನ. ಮಡಿಲಲ್ಲಿ ಮಕ್ಕಳು, ಕೈಯಲ್ಲಿ ಸಾಸೇಜು ಬ್ರೆಡ್ಡು. ಒಳಗಿನ ಬೆಳಕು ಆಕಾಶಕ್ಕೆ ಹೊಡೆಯುತ್ತಿತ್ತು, ಹಾಡು ಗೋಡೆ ದಾಟಿ ಸ್ಪಷ್ಟವಾಗಿ ಬರುತ್ತಿತ್ತು. ತಾತೊನ ದನಿ ಹಾಗೆಯೇ ಇತ್ತು. ನಿಲ್ದಾ ಕಣ್ಣು ಮುಚ್ಚಿ ಒಂದೊಂದು ಸಾಲನ್ನೂ ಹಾಡಿದಳು, ಡುಮ್ಮನೂ ಕೋಪ ಮರೆತು ಕುಂಟುಗಾಲಲ್ಲೇ ಕುಣಿದ.

ಒಂಬತ್ತನೇ ಹಾಡಾದ ಮೇಲೆ ಒಳಗೆ ಸದ್ದಡಗಿತು. "ಏನ್ರಪ್ಪಾ, ಪೇಟೆಯೋರೆಲ್ಲ ಬಂದಿದೀರಾ?" ಅಂದ ತಾತೊ. ರಸ್ತೆಯಲ್ಲಿದ್ದ ಜನ ಎದ್ದು ನಿಂತರು. ಓದು ಶುರುವಾಯಿತು. ಒಂದೊಂದು ಹೆಸರಿಗೂ ಕೂಗು ಎದ್ದದ್ದು ಹೊರಗಿನಿಂದ. ಒಳಗೆ ಬರೀ ಚಪ್ಪಾಳೆ.

"ಲನೂಸ್... ಗೆರ್ಲಿ..."

ಪಕ್ಕದವರೆಲ್ಲ ಇವರಿಬ್ಬರನ್ನು ತಬ್ಬಿಕೊಂಡು ಅರಚಿದರು. ನಿಲ್ದಾ ಅವರನ್ನು ಕೈಯಿಂದ ಸರಿಸಿ, "ಶ್, ಸುಮ್ನಿರಿ, ಇರಿ ಇನ್ನೂ ಇದೆ" ಅಂದಳು.

"ವಿಲ್ಲಾ ದೊಮಿನಿಕೊ," ಅಂದ ತಾತೊ. "ಕಿಲ್ಮೆಸ್..."

ಡುಮ್ಮ ಅವಳ ಮುಖ ನೋಡಲಾರದೆ ನೆಲ ನೋಡಿದ. ಇಷ್ಟು ದಿನ ತಾತೊನನ್ನು ಬೈದು ಬೈದು ಸುಸ್ತಾದವನು ಈಗ ಅವನ ಪರವಾಗಿ ಮಾತಾಡಿದ. "ಮರ್ತಿರ್ಬೇಕು ಕಣೇ. ಅವನಿಗೂ ವಯಸ್ಸಾಯ್ತಲ್ಲ."

"ಮರೆಯೋಕೆ ಮೊದಲು ನೆನಪಿರ್ಬೇಕಲ್ವೇನೋ," ಅಂದಳು ನಿಲ್ದಾ. "ಅವನು ಯಾವತ್ತೂ ನೆನಪಿಟ್ಕೊಂಡಿರ್ಲೇ ಇಲ್ಲ ಡುಮ್ಮಾ. ಬರೆದಿದ್ದನ್ನ ಓದ್ತಿದ್ದ ಅಷ್ಟೆ. ನಾನು ಅವ್ವಂಗೆ ಸುಳ್ಳು ಹೇಳ್ಬಿಟ್ಟೆ."

ಒಳಗೆ ಹತ್ತನೇ ಹಾಡು ಶುರುವಾಯಿತು. ಸುತ್ತಲಿನವರು ಹಾರುತ್ತ ಹಾಡಿದರು. ಅವಳು ಗೋಡೆಗೆ ಹಣೆ ಕೊಟ್ಟು, ಐವತ್ತೊಂಬತ್ತರ ಹೆಂಗಸು, ದನಿ ತೆಗೆದು ಅತ್ತಳು.